ಮೊದಲನೆಯದು ಮಣ್ಣು

ಲಕ್ಷ್ಮೀಪುರದ ಆ ಹಳೇ ಮನೆಗೆ
ಹನ್ನೊಂದು ತಿಂಗಳು ಹಿತ್ತಲ ಬಾಗಿಲಲ್ಲೇ ಹೋಗಿಬಂದವನು
ಇವತ್ತು ಮುಂಬಾಗಿಲಲ್ಲಿ ನಿಂತು
ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ
ಸಾಕವ್ವನ ಮುಖ ನೋಡಿದೆ.
ಅವಳಾಗಲೇ ಬಿಟ್ಟು, ಕೈಯಲ್ಲಿ ಹಿಡಿದಿದ್ದಳು.

"ಬನ್ನಿ ಮರಿಮಾದಣ್ಣ," ಒಡತಿ ಮಾಲಿನಿ ಅರಸ್ ಕರೆದರು,
"ನಿಮಗೆ ಅಂತಲೇ ಮೇಜು ಹಿಡಿದಿಟ್ಟಿದ್ದೀನಿ,
ಕಿಟಕಿ ಪಕ್ಕ."

ಕಿಟಕಿ ಪಕ್ಕ.
ಅಷ್ಟುದ್ದ ಹಜಾರ, ಹದಿನಾಲ್ಕು ಕಂಬ,
ಬೇರೆ ಎಲ್ಲೂ ಜಾಗ ಸಿಗಲಿಲ್ಲವೇ ನನ್ನನ್ನು ಕೂರಿಸಲಿಕ್ಕೆ?
ಅದೇ ಗೋಡೆ. ಅದೇ ಮೂಲೆ.
ಸಾಕವ್ವ ಕೆಮ್ಮಿದಳು, ಸುಮ್ಮನೆ.

ಇಲ್ಲಿ ಪಟ್ಟಿ ಕೊಡುತ್ತಾರೆ, ರಟ್ಟಿನದು.
ಬನ್ನೂರಿನ ಹುಡುಗ, ಕಪ್ಪು ಕೋಟು, ಓದಿ ಹೇಳಿದ:
ಉಜ್ಬೇಕರ ಪಲೋವು.
ಎದುರಿಗಿದ್ದ ಅಂಕಿ
ನನಗೆ ಒಂದು ದಿನ,
ಸಾಕವ್ವನಿಗೆ ಎರಡು.

ಮೊದಲು ರೊಟ್ಟಿ ಬಂತು,
ಗುಂಡಗೆ, ಹೊಳೆಹೊಳೆಯುತ್ತ, ನಡುವೆ ಹೂವಿನ ಅಚ್ಚು ಚುಚ್ಚಿದ್ದು.
ಸಾಕವ್ವ ಬೆರಳ ಗೆಣ್ಣಿನಿಂದ ಟಕಟಕ ತಟ್ಟಿ
ಕಿವಿಗೊಟ್ಟು ಕೇಳಿದಳು,
ಒಣಗಿದ ಗೋಡೆಯನ್ನು ಕೇಳುವ ಹಾಗೆ.
"ಪೊಳ್ಳಿಲ್ಲ," ಅಂದಳು. "ಒಳ್ಳೇ ಕೈ."

ಆಮೇಲೆ ಪಲೋವು: ಅನ್ನದ ಗುಡ್ಡ, ಹಳದಿ ಗಜ್ಜರಿ,
ಕುರಿಮಾಂಸ, ಜೀರಿಗೆ,
ತುದಿಗೆ ಇಡೀ ಬೆಳ್ಳುಳ್ಳಿ ಗಡ್ಡೆ, ಕಳಶದಂಗೆ.
"ಖಾರವೇ ಹುಟ್ಟಿಲ್ಲ ಕಣಣ್ಣ ಇವರ ಸೀಮೇಲಿ"
ಅಂತ ಹಸಿಮೆಣಸಿನಕಾಯಿ ತರಿಸಿ ಕಚ್ಚುತ್ತ
ತಟ್ಟೆ ಬಳಿದಳು.
ನನಗೆ ತುತ್ತು ಇಳಿಯಲೊಲ್ಲದು.

ಮೊಣಕೈ ಪಕ್ಕದಲ್ಲೇ, ಗಾರೆಯ ಮೇಲೆ
ಉಪ್ಪು ಹೂ ಬಿಟ್ಟಿತ್ತು.

ಮುಹೂರ್ತಕ್ಕೆ ಆರು ದಿನ ಉಳಿದಿತ್ತು.
ಸುಣ್ಣ, ಮರಳು, ಇಟ್ಟಿಗೆಪುಡಿ,
ಅಳಲೆಕಾಯಿ ನೆನೆಸಿದ ನೀರು, ಮಂಡ್ಯದ ಅಚ್ಚುಬೆಲ್ಲ,
ಎಲ್ಲ ಹಾಕಿದ್ದೆ, ಅರೆದಿದ್ದಳು ಅವಳು.
ಆದರೂ ಆ ಮೂಲೆ ಒಣಗದು.
ರಾತ್ರಿ ಬಂದು ಎರಡು ಕರಣೆ
ಸಿಮೆಂಟು ಬೆರೆಸಿ ಬಳಿದೆ.
ಟಾರ್ಚು ಹಿಡಿದವಳು ಏನೂ ಅನ್ನಲಿಲ್ಲ,
ಬೆಳಕು ಮಾತ್ರ ಒಂದು ಸಲ ಅಲ್ಲಾಡಿತು.

ಪಕ್ಕದ ಮೇಜಿನವರು ಎದ್ದು ಬಂದು
ಆ ಬಿಳಿ ಹೂವಿನ ಫೋಟೋ ತೆಗೆದರು.
"ನೋಡು, ನೂರು ವರ್ಷದ ಗೋಡೆ!"
ಎರಡು ತಿಂಗಳಾಗಿತ್ತು ಅದಕ್ಕೆ.

ಅಡುಗೆಯಾಕೆ ತಾನೇ ಬಂದಳು, ದಿಲ್ಫುಜಾ ಅಂತೆ,
ಮರ್ಗಿಲಾನ್ ಅಂತೆ ಊರು.
ನೀಲಿ ಕುಡಿಕೆಯಿಂದ ಚಹಾ ಬಗ್ಗಿಸಿ
ಮತ್ತೆ ಕುಡಿಕೆಗೇ ಸುರಿದಳು. ಮೂರು ಸಲ.
ಹುಡುಗ ಕನ್ನಡ ಮಾಡಿದ:
ಮೊದಲನೆಯದು ಲೋಯ್, ಮಣ್ಣು.
ಎರಡನೆಯದು ಮೋಯ್, ಎಣ್ಣೆ.
ಮೂರನೆಯದೇ ಚೋಯ್.
"ನಮ್ಮ ಗಾರೆ ಕೆಲಸದಂಗೇ ಆಯ್ತಲ್ಲ!"
ಸಾಕವ್ವ ನಕ್ಕಳು, ನನ್ನ ಕಡೆ ನೋಡದೆ.
"ಮೂರು ಕೈಯೂ ಆಗಬೇಕು."

ಬಟ್ಟಲಲ್ಲಿ ಅರ್ಧವೇ ಇತ್ತು.
ಹನ್ನೊಂದು ತಿಂಗಳು ಮೂಲೆ ಹೋಟೆಲಿನಲ್ಲಿ
ಬೈ ಟು ಕಾಫಿ ಕುಡಿದವರು ನಾವು,
ಅರ್ಧ ನಮಗೆ ಹೊಸದಲ್ಲ.
"ಅರ್ಧ ಅಂದರೆ ಮರ್ಯಾದೆ," ಅಂದ ಹುಡುಗ.
"ಮತ್ತೆ ಮತ್ತೆ ಬಡಿಸಬಹುದು ಅಂತ.
ತುಂಬ ಕೊಟ್ಟರೆ ಎದ್ದು ಹೋಗು ಅಂತ."

ಬೆರಳಲ್ಲಿ ಗೋಡೆಯ ಉಪ್ಪು ತೆಗೆದು
ನಾಲಿಗೆಗೆ ಇಟ್ಟುಕೊಂಡೆ.
"ತಾಯಿ, ತುಂಬ ಹಾಕು," ಅಂದೆ.

ಬಟ್ಟಲು ಕೈ ಸುಟ್ಟಿತು. ಪೂರಾ ಕುಡಿದೆ.
"ನಾಳೆ ಆರೂವರೆಗೆ ಹಿತ್ತಲ ಬಾಗಿಲು ತೆಗೆಸಿರಿ,"
ಅಂದೆ ಒಡತಿಗೆ.
"ಯಾಕೆ ಮರಿಮಾದಣ್ಣ?"

ಸಾಕವ್ವ ಉಳಿದ ರೊಟ್ಟಿಯನ್ನು
ಸೆರಗಿನಲ್ಲಿ ಕಟ್ಟುತ್ತಿದ್ದಳು,
ಅಚ್ಚಿನ ಮುಖ ಮೇಲೆ ಮಾಡಿ.